ಆಂಡಾಳ್ ಮಾಡಿಕೊಟ್ಟ ಶುದ್ಧಪ್ರತಿ

ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ ಒಂದು ಹಳೇ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದು ಅಕ್ಕ ತಮ್ಮ ಇಬ್ಬರೇ ಇದ್ದಾರೆ. ಅಕ್ಕ ಆಂಡಾಳ್‌ಗೆ ಅರವತ್ತೆಂಟು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತಮ್ಮ ವರದರಾಜನಿಗೆ ಅರವತ್ತೊಂದು. ಸೈನ್ಯಕ್ಕೆ ಸೇರಿ, ತಲೆಗೆ ಪೆಟ್ಟು ತಿಂದು ಬಂದು, ಆಮೇಲೆ ಕಥೆಗಾರನಾದವನು. ಕಥೆಗಾರ ಎಂದಕೂಡಲೇ ಹಾರ, ಶಾಲು, ಫಲತಾಂಬೂಲ ಎಂದುಕೊಳ್ಳಬೇಡಿ. ಮೂವತ್ತು ವರ್ಷದಲ್ಲಿ ಒಂದು ಮಾಸಪತ್ರಿಕೆಯಲ್ಲಿ ನಲವತ್ತು ಕಥೆ ಅಚ್ಚಾದವು, ಒಂದು ಪುಸ್ತಕ ಬಂತು, ಅಷ್ಟೇ. ಅವುಗಳನ್ನು ಓದಿದವರು ಇದ್ದಾರೆ. ಓದದೇ ಇದ್ದವನು ಅವನೊಬ್ಬನೇ.

ಇದು ಒಗಟಲ್ಲ. ವರದರಾಜನಿಗೆ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ.

1987ರಲ್ಲಿ ನಮ್ಮ ಸೈನ್ಯ ಸಮುದ್ರ ದಾಟಿ ಲಂಕೆಗೆ ಹೋದಾಗ ಅವನೂ ಹೋಗಿದ್ದ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮನೆಯಲ್ಲಿ ಮುಖ ತೋರಿಸಲಾರದೆ ಸೈನ್ಯ ಸೇರಿದ್ದ ಹುಡುಗ. ಹೋದ ಮೂರನೇ ತಿಂಗಳಲ್ಲಿ ಶೆಲ್ಲಿನ ಚೂರೊಂದು ತಲೆಗೆ ಹೊಕ್ಕಿತು. ಅದನ್ನು ತೆಗೆದ ಮೇಲೆ, ಬುದ್ಧಿ ನೆಟ್ಟಗಿದೆಯೋ ಎಂದು ನೋಡಲು ಸೇನಾ ಆಸ್ಪತ್ರೆಯ ಡಾಕ್ಟರು ಹೆಸರು ಬರೆ ಎಂದರು. ಬರೆದ. ಓದು ಎಂದರು. ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ಕೇಳಿದ: "ಇದು ಯಾವ ಭಾಷೆ ಸಾರ್?"

ಡಾಕ್ಟರು ಆಂಡಾಳ್‌ಗೆ ಬಿಡಿಸಿ ಹೇಳಿದ್ದರು. ಕಣ್ಣಿಗೆ ಅಕ್ಷರ ಕಾಣುತ್ತದೆ, ಆದರೆ ಅದು ಅಕ್ಷರ ಎಂದು ಗುರುತು ಹಿಡಿಯುವ ದಾರಿ ತುಂಡಾಗಿದೆ. ಕೈಗೆ ಮಾತ್ರ ಕಲಿತದ್ದು ಮರೆತಿಲ್ಲ, ಅದರ ದಾರಿ ಬೇರೆ. ಇದರ ಜೊತೆಗೆ ಎರಡೂ ಕಣ್ಣಿಗೆ ಬಲಗಡೆಯ ಅರ್ಧ ಕಾಣುವುದಿಲ್ಲ. ಅಂದಿನಿಂದ ಇಂದಿನವರೆಗೆ ರಸ್ತೆಯಲ್ಲಿ ಆಂಡಾಳ್ ಅವನ ಬಲಕ್ಕೇ ನಡೆಯುತ್ತಾಳೆ. ಭಾನುವಾರ ತಲೆಗೆ ಎಣ್ಣೆ ಒತ್ತುವಾಗ ಗಾಯದ ಗುಳಿ ಅವಳ ಬೆರಳಿಗೆ ಸಿಗುತ್ತದೆ. ಗುಳಿ ಇರುವುದು ತಲೆಯ ಹಿಂದೆ.

ಓದಲಾರದ ಮನುಷ್ಯ ಕಥೆ ಬರೆಯಲು ಕೂತದ್ದು ಏಕೆಂದರೆ, ಮಾಡಲು ಬೇರೆ ಏನೂ ಇರಲಿಲ್ಲ. ಕೆಲಸ ಕೊಡುವವರಿಲ್ಲ, ಹೆಣ್ಣು ಕೊಡುವವರಂತೂ ಇಲ್ಲ. ಆಂಡಾಳ್‌ಗೂ ಒಂದೆರಡು ಕಡೆಯಿಂದ ಬಂದಿದ್ದ ಸಂಬಂಧ, ಮನೆಯಲ್ಲಿ ಇಂಥ ತಮ್ಮನಿದ್ದಾನೆ ಎಂದಕೂಡಲೇ ತಣ್ಣಗಾಯಿತು. ಶಾಲೆಯಿಂದ ಉಳಿದ ನೋಟುಬುಕ್ಕುಗಳನ್ನು ತಂದು ಅವನ ಮುಂದಿಟ್ಟವಳು ಅವಳೇ. ಬಲಗಡೆ ಕಾಣದ್ದರಿಂದ ಅವನ ಸಾಲು ಪುಟ ದಾಟಿ ಮೇಜಿನ ಮೇಲೂ ಹೋಗುತ್ತಿತ್ತು. ಪುಟದ ಅಂಚಿಗೆ ಒಂದು ಮರದ ಅಡಿಪಟ್ಟಿ ಇಟ್ಟಳು. ಕೈ ಅದಕ್ಕೆ ತಾಗಿದರೆ ಸಾಲು ಮುಗಿಯಿತೆಂದು ಲೆಕ್ಕ.

ಹೀಗೆ ಬರೆಯುವವನು ಹಿಂದಕ್ಕೆ ಹೋಗಿ ನೋಡುವಂತಿಲ್ಲ, ಹೊಡೆದು ಹಾಕುವಂತಿಲ್ಲ. ವಾಕ್ಯ ಉದ್ದವಾದರೆ ಅದರ ತಲೆ ಯಾವುದೆಂದು ಅವನಿಗೇ ಮರೆಯುತ್ತದೆ. ಆದ್ದರಿಂದ ನಾಲ್ಕೈದು ಮಾತಿಗೇ ವಾಕ್ಯ ನಿಲ್ಲಿಸುತ್ತಿದ್ದ. 'ಅವನು' ಎಂದು ಬರೆದರೆ ಯಾರು ಎಂದು ಗೊಂದಲವಾಗುತ್ತದೆಂದು ಪ್ರತಿಸಲವೂ ಹೆಸರೇ ಬರೆಯುತ್ತಿದ್ದ. ಹಾಲಿನವನು ಬಂದು ಬೆಲ್ ಮಾಡಿದರೆ ಅಲ್ಲಿಗೆ ಕಥೆ ಕೆಟ್ಟಿತು, ಮತ್ತೆ ಮೊದಲಿನಿಂದ ಶುರು. ಒಬ್ಬ ವಿಮರ್ಶಕರು ಈ ತುಂಡು ವಾಕ್ಯಗಳನ್ನು ಮೆಚ್ಚಿ, ಇದು ಹಿಂತಿರುಗಿ ನೋಡದ ಹೊಸ ಶೈಲಿ ಎಂದು ಬರೆದರು. ಆಂಡಾಳ್ ಅದನ್ನು ಓದಿ ಹೇಳಿದಾಗ ವರದರಾಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅವರ ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಅವನು ಬರೆಯುವುದು. ಸಂಜೆ ಅವಳು ಶಾಲೆಯಿಂದ ಬಂದು, ಕಾಫಿ ಕುಡಿದು, ಅದನ್ನು ಗಟ್ಟಿಯಾಗಿ ಓದುವುದು. ಅವನು ಬಾಯಲ್ಲಿ ಹೇಳಿದ ತಿದ್ದುಪಡಿಗಳನ್ನು ಸೇರಿಸಿ, ಗೆರೆ ಹಾಳೆಯ ಮೇಲೆ ದುಂಡಕ್ಷರದಲ್ಲಿ ಶುದ್ಧಪ್ರತಿ ಮಾಡಿ, ಪತ್ರಿಕೆಗೆ ಕಳಿಸುವುದು. ಅಚ್ಚಾಗಿ ಬಂದ ಮೇಲೆ ಪತ್ರಿಕೆ ಹಿಡಿದು ಇನ್ನೊಂದು ಸಲ ಓದಿ ಹೇಳುವುದು. ಇದರಲ್ಲಿ ಮೋಸಕ್ಕೆ ಎಷ್ಟು ಜಾಗವಿದೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. 1993ರ ಆಗಸ್ಟಿನಲ್ಲಿ ಅವಳಿಗೆ ಹೊಳೆಯಿತು.

ಓಕಳಿಪುರದ ಅಂಜಮ್ಮ ಹೂ ಮಾರುವ ಹೆಂಗಸು. ಅವಳ ದೊಡ್ಡ ಮಗ ಕೈಲಾಸ್, ವರದರಾಜನ ಜೊತೆಯಲ್ಲೇ ಸೇರಿ ಜೊತೆಯಲ್ಲೇ ಲಂಕೆಗೆ ಹೋದವನು, ವರದರಾಜನಿಗೆ ಪೆಟ್ಟಾದ ದಿನವೇ ಸತ್ತಿದ್ದ. ಮಗನ ಪೆಟ್ಟಿಗೆ, ಪತ್ರ ಎಲ್ಲ ಬಂದಿದ್ದವು, ಆದರೆ ಹೇಗೆ ಹೋದ ಎಂದು ಯಾರೂ ಹೇಳಿರಲಿಲ್ಲ. ಆರು ವರ್ಷ ಕಳೆದ ಮೇಲೆ ಅವಳು ಮಲ್ಲಿಗೆಯ ಬುಟ್ಟಿ ಹೊತ್ತೇ ಈ ಮನೆ ಹುಡುಕಿಕೊಂಡು ಬಂದಳು.

"ನೀನು ಕತೆ ಬರೀತೀಯಂತಲ್ಲಪ್ಪ. ನಮ್ ಕೈಲಾಸುಂದೂ ಒಂದು ಬರಿ. ಕೊನೆಗಾಲದಲ್ಲಿ ಏನಂದ, ಯಾರ್ನ ಕೇಳ್ದ, ನಂಗೂ ಗೊತ್ತಾಗ್ಲಿ" ಎಂದಳು.

ಅವಳು ಹೋದ ಮೇಲೆ ವರದರಾಜ ಎಂಟು ದಿನ ಬಾಗಿಲು ಹಾಕಿಕೊಂಡು ಬರೆದ. ಒಂಬತ್ತನೇ ದಿನ ಸಂಜೆ ಆಂಡಾಳ್ ಗಟ್ಟಿಯಾಗಿ ಓದಿದಳು. ತೆಂಗಿನ ತೋಪು, ಕಾಲು ಛಿದ್ರವಾಗಿ ಬಿದ್ದ ಕೈಲಾಸ್. ಆಮೇಲೆ ಮೂರು ವಾಕ್ಯ: 'ಕೈಲಾಸ್ ನೀರು ಕೇಳಿದ. ನನ್ನ ಬಾಟಲಿನಲ್ಲಿ ನೀರಿತ್ತು. ನಾನು ಓಡಿದೆ.' ಇಪ್ಪತ್ತು ಹೆಜ್ಜೆ ಓಡಿದೆ, ಕೈಲಾಸ್ ನನ್ನ ಹೆಸರು ಕೂಗುತ್ತಿದ್ದ, ಹಿಂದಿನಿಂದ ತಲೆಗೆ ಬಿತ್ತು ಎಂದು ಮುಗಿಯುತ್ತಿತ್ತು ಕಥೆ.

ಓದುವಾಗ ಅವಳ ದನಿ ನಡುಗಲಿಲ್ಲ. ನಲವತ್ತು ಹುಡುಗಿಯರ ಮುಂದೆ ಪಾಠ ಓದಿದ ಗಂಟಲು ಅದು. "ಏನಾದ್ರೂ ತಿದ್ದಬೇಕಾ?" ಎಂದು ಕೇಳಿದಳು.

"ಒಂದಕ್ಷರಾನೂ ಬೇಡ ಅಕ್ಕ. ಹಂಗೇ ಕಳ್ಸು. ಆ ತಾಯಿ ಬಂದು ಕ್ಯಾಕರಿಸಿ ಉಗೀಲಿ, ಪರವಾಗಿಲ್ಲ."

ಮಾರನೆಯ ದಿನ ಅವಳು ಶುದ್ಧಪ್ರತಿಗೆ ಕೂತಳು. 'ನನ್ನ ಬಾಟಲಿನಲ್ಲಿ ನೀರಿತ್ತು' ಎನ್ನುವವರೆಗೆ ಇದ್ದದ್ದನ್ನು ಇದ್ದಂತೆ ಬರೆದಳು. ಅಲ್ಲಿ ಪೆನ್ನು ನಿಂತಿತು. ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದಳು. ಬಂದವಳೇ 'ನಾನು ಕುಡಿಸಿದೆ' ಎಂದು ಬರೆದಳು. ಮುಂದಿನದು ಸರಾಗವಾಗಿ ಬಂತು. 'ಕೈಲಾಸನ ತಲೆ ನನ್ನ ತೊಡೆಯ ಮೇಲಿತ್ತು. ಕೈಲಾಸ್ ಅಮ್ಮಾ ಎಂದ. ಕೈಲಾಸನ ಉಸಿರು ನಿಂತಿತು. ನಾನು ಎದ್ದೆ. ಹಿಂದಿನಿಂದ ತಲೆಗೆ ಬಿತ್ತು.' ತಮ್ಮನ ಶೈಲಿ ಅಷ್ಟರಲ್ಲಿ ಅವಳ ಕೈಗೂ ಹತ್ತಿತ್ತು.

ಅಂಜಮ್ಮನ ಸಂಕಟ ನೋಡಲಾರದೆ ಹೀಗೆ ಮಾಡಿದೆ ಎಂದು ಅವಳು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಆ ಪತ್ರಿಕೆ ಅವಳ ಶಾಲೆಯ ಸ್ಟಾಫ್ ರೂಮಿಗೂ ಬರುತ್ತಿತ್ತು. ಮಿಲಿಟರಿ ತಮ್ಮ ಎಂದು ಹೇಳಿಕೊಂಡು ತಿರುಗಿದವಳಿಗೆ, ಓಡಿಹೋದವನ ಅಕ್ಕ ಅನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ತನ್ನ ಮದುವೆ, ತನ್ನ ವಯಸ್ಸು ಎಲ್ಲವನ್ನೂ ಯಾವ ತಲೆಗಾಯಕ್ಕೆ ಒಪ್ಪಿಸಿದ್ದಳೋ ಅದು ಓಡುವಾಗ ಆದ ಗಾಯವೆಂದು ಊರಿಗೆ ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು. ಪತ್ರಿಕೆ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ್ದನ್ನು, ನೋಟುಬುಕ್ಕಿನಲ್ಲಿದ್ದದ್ದನ್ನು ಬಾಯಿಪಾಠವಾಗಿ ಓದಿ ಹೇಳಿದಳು. ತಮ್ಮ ಗೋಡೆಗೆ ಒರಗಿ ಕೇಳಿದ.

ಅದಾದ ಮೇಲೆ ಅಂಜಮ್ಮ ಬಂದಳು. ವರದರಾಜ ಎದ್ದು ನಿಂತು ತಲೆ ತಗ್ಗಿಸಿದ, ಉಗಿಸಿಕೊಳ್ಳಲು. ಅವಳು ಅವನ ಕೆನ್ನೆ ಸವರಿ, ತನ್ನ ಹಣೆಯ ಎರಡೂ ಕಡೆ ಬೆರಳಿಟ್ಟು ನೆಟಿಗೆ ಮುರಿದಳು.

"ಎಲ್ಲಾ ಓದಿಸ್ಕೊಂಡು ಕೇಳ್ದೆ ಕಣಪ್ಪ. ಇನ್ನು ನೀನೂ ನನ್ ಮಗಾನೇ. ಮಾಲಯ ಅಮಾಸೆ ದಿನ ನಮ್ಮನೇಗ್ ಬಂದು ಕೈಲಾಸುನ್ ಎಡೆ ಮುಂದೆ ನೀನೇ ನೀರು ಬಿಡ್ಬೇಕು."

ಸಾಯುವಾಗ ಬಾಯಿಗೆ ನೀರು ಬಿಟ್ಟವರೇ, ಹಿರಿಯರ ಹಬ್ಬದ ದಿನ ಸತ್ತವರ ಎಡೆಯ ಮುಂದೆ ಮೊದಲ ನೀರು ಬಿಡಬೇಕು ಎನ್ನುವುದು ಅಂಜಮ್ಮನ ಮನೆತನದ ನೇಮ. ಇದನ್ನು ಅವಳು ಆಂಡಾಳ್‌ಗೆ ಅಡುಗೆಮನೆಯಲ್ಲಿ ಹೇಳಿದಳು. ವರದರಾಜನಿಗೆ ಈ ನೇಮ ಗೊತ್ತಿಲ್ಲ. ಅವನು ತಿಳಿದದ್ದೇ ಬೇರೆ. ಮಗನಿಗೆ ನೀರು ಕೊಡದೆ ಓಡಿಬಂದವನೆಂದು ಗೊತ್ತಿದ್ದೂ, ಆ ನೀರನ್ನು ಈಗಲಾದರೂ ಕೊಡು ಎಂದು ತಾಯಿ ಕರೆಯುತ್ತಿದ್ದಾಳೆ, ಅಂದರೆ ಕ್ಷಮಿಸಿದ್ದಾಳೆ ಎಂದು ತಿಳಿದ. ಆರು ವರ್ಷದಿಂದ ಕನಸಿಗೆ ಹೆದರಿ ಕೂತೇ ಇರುತ್ತಿದ್ದ ಮನುಷ್ಯ ಅಂದು ಊಟ ಮಾಡಿ ಮಲಗಿ ನಿದ್ದೆ ಮಾಡಿದ. ಅದನ್ನು ನೋಡಿ ಆಂಡಾಳ್, ತಾನು ಮಾಡಿದ್ದು ಸರಿಯೇ ಇರಬೇಕು ಎಂದುಕೊಂಡಳು.

ಇದು ಮೂವತ್ತೆರಡು ವರ್ಷ ಬಯಲಾಗದೆ ಉಳಿಯಿತು. ಹೇಗೆ ಎಂದರೆ, ಅಂಜಮ್ಮ ಆ ಸಾವಿನ ಮಾತು ಎತ್ತಿದರೆ ಅಳು ಬರುತ್ತದೆಂದು ಎತ್ತುತ್ತಿರಲಿಲ್ಲ. ವರದರಾಜ ನಾಚಿಕೆಯಿಂದ ಎತ್ತುತ್ತಿರಲಿಲ್ಲ. ಬೇರೆ ಯಾರಾದರೂ ಎತ್ತುವ ಹಾಗೆ ಕಂಡರೆ, ಪಕ್ಕದಲ್ಲೇ ಇರುತ್ತಿದ್ದ ಆಂಡಾಳ್ ಮಾತು ಬದಲಿಸುತ್ತಿದ್ದಳು. ಪುಸ್ತಕ ಬಂದಾಗ ಅದರಲ್ಲೂ ಅವಳ ಪ್ರತಿಯೇ ಅಚ್ಚಾಯಿತು. ವರ್ಷಕ್ಕೊಂದು ಸಲ ಅಕ್ಕ ತಮ್ಮ ಓಕಳಿಪುರಕ್ಕೆ ಹೋಗುವುದು, ಅವನು ನೀರು ಬಿಡುವುದು, ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಪಾಯಸ ಉಂಡು ಬರುವುದು ನಡೆದೇ ಇತ್ತು.

ಹೋದ ವರ್ಷ ಆ ಹಬ್ಬಕ್ಕೆ ಎಂಟು ದಿನ ಮುಂಚೆ ಗಗನಾ ಬಂದಳು. ಇವಳು ಅಂಜಮ್ಮನ ಮೊಮ್ಮಗಳು, ಕೈಲಾಸನ ತಮ್ಮನ ಮಗಳು, ಅವೆನ್ಯೂ ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ವರದರಾಜನನ್ನು ದೊಡ್ಡಪ್ಪ ಎಂದೇ ಕರೆಯುತ್ತಾಳೆ. ಬಂದವಳು ಒಂದು ಮೊಬೈಲ್ ತೋರಿಸಿದಳು.

"ದೊಡ್ಡಪ್ಪ, ಇದ್ರಲ್ಲಿ ಕಣ್ಣು ಕಾಣ್ದಿರೋರಿಗೆ ಅಂತ ಒಂದು ಆ್ಯಪ್ ಬಂದಿದೆ. ಅಚ್ಚಾಗಿರೋ ಪುಟದ ಮೇಲೆ ಹಿಡಿದ್ರೆ ಅದೇ ಓದುತ್ತೆ, ಕನ್ನಡದಲ್ಲೇ. ಹಬ್ಬಕ್ಕೆ ಬನ್ನಿ, ನಿಮ್ ಪುಸ್ತಕಾನೇ ಓದಿಸಿ ತೋರಿಸ್ತೀನಿ."

ಅಲ್ಲೇ ಇದ್ದ ದಿನಪತ್ರಿಕೆಯ ಮೇಲೆ ಹಿಡಿದು ತೋರಿಸಿದಳು. ಮೊಬೈಲು ಯಾವುದೋ ಹೆಂಗಸಿನ ದನಿಯಲ್ಲಿ ಗಡಗಡನೆ ಓದಿತು. ವರದರಾಜನ ಮುಖ ಅರಳಿತು.

ಗಗನಾ ಹೋದ ಮೇಲೆ ಆಂಡಾಳ್ ಮಾಡಿದ ಮೊದಲ ಕೆಲಸ, ಬೀರುವಿನಲ್ಲಿದ್ದ ಪುಸ್ತಕದ ಪ್ರತಿಗಳನ್ನೂ ಹಳೇ ಪತ್ರಿಕೆಗಳನ್ನೂ ಹಳೇ ಪೇಪರಿನವನಿಗೆ ಹಾಕಿದ್ದು. ಅಂಜಮ್ಮನ ಮನೆಯಲ್ಲಿರುವ ಪ್ರತಿಯನ್ನು ಏನು ಮಾಡುವುದೆಂದು ತೋಚಲಿಲ್ಲ. ನಾನೇ ಹೇಳಿಬಿಡುವುದು ವಾಸಿ ಎಂದು ನಿಶ್ಚಯ ಮಾಡಿ, ಮೂರನೇ ದಿನ ಅವನ ಎಡಗಡೆ ಬಂದು ಕೂತಳು.

"ವರದ, ಆ ಕೈಲಾಸುನ ಕಥೆ ಇದ್ಯಲ್ಲ..." ಎಂದಳು.

"ನಾನೂ ಅದನ್ನೇ ಯೋಚಿಸ್ತಿದ್ದೆ ಅಕ್ಕ" ಎಂದ ಅವನು. "ಅದೊಂದು ಅಚ್ಚಾಗ್ದೇ ಇದ್ದಿದ್ರೆ ನಾನು ಇರ್ತಿರ್ಲಿಲ್ಲ. ಓಕಳಿಪುರದ ರೈಲು ಹಳಿ ಹತ್ರ ಎರಡು ಸಲ ಹೋಗಿ ನಿಂತು ಬಂದಿದ್ದೆ, ನಿಂಗೆ ಹೇಳಿಲ್ಲ. ಆಯಮ್ಮ ಕೆನ್ನೆ ಮುಟ್ಟಿದ್ಲಲ್ಲ, ಅವತ್ತಿಂದ ಆ ಹಳಿ ಕಡೆ ಹೋಗಿಲ್ಲ. ಎಲ್ಲಾ ಗೊತ್ತಿದ್ದೂ ಊಟಕ್ಕೆ ಕರೀತಾಳೆ ನೋಡು. ಅಷ್ಟು ದೊಡ್ಡ ಮನಸ್ಸು ಯಾರಿಗಿದೆ?"

ಆಂಡಾಳ್ ಎದ್ದು ಹೋಗಿ ಅಕ್ಕಿ ತೊಳೆದಳು.

ಹಬ್ಬದ ದಿನ ತಲೆನೋವು ಎಂದು ನೆವ ತೆಗೆದಳು. ಹಾಗಾದರೆ ನಾನೊಬ್ಬನೇ ಆಟೋ ಹಿಡಿದು ಹೋಗುತ್ತೇನೆ ಎಂದ ತಮ್ಮ. ವಿಧಿಯಿಲ್ಲದೆ ಹೊರಟಳು. ಅಂಜಮ್ಮನ ಮನೆಯ ನಡುಮನೆಯಲ್ಲಿ ಕೈಲಾಸನ ಸಮವಸ್ತ್ರದ ಫೋಟೋ, ಅದರ ಮುಂದೆ ಬಾಳೆಲೆ, ಅನ್ನ, ವಡೆ, ಪಾಯಸ, ಮಡಿಸಿಟ್ಟ ಹೊಸ ಪಂಚೆ. ಎಂಬತ್ತಮೂರರ ಅಂಜಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅವಳ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕವಿತ್ತು.

"ಪ್ರತಿ ವರ್ಷ ನೀವು ಬರೋಕ್ ಮುಂಚೆ ಅಜ್ಜಿ ನನ್ ಕೈಲಿ ಇದನ್ನ ಓದಿಸ್ತಾರೆ ದೊಡ್ಡಪ್ಪ. ಈ ಸಲ ಮೊಬೈಲ್ ಓದ್ಲಿ, ನೀವೂ ಕೇಳಿ" ಎಂದು ಗಗನಾ ಗಂಟು ಬಿಚ್ಚಿದಳು.

"ಈಗ ಬೇಡಮ್ಮ, ಎಡೆ ಆರೋಗುತ್ತೆ. ಮೊದ್ಲು ನೀರು ಬಿಡ್ಲಿ" ಎಂದಳು ಆಂಡಾಳ್. ದನಿ ಬೇಕಾದ್ದಕ್ಕಿಂತ ಗಟ್ಟಿಯಾಯಿತು.

"ಕೇಳ್ಲಿ ಬಿಡಿ ಟೀಚರಮ್ಮ. ಅವ್ನು ಬರ್ದಿದ್ದು ಅವ್ನು ಕೇಳ್ಬಾರ್ದಾ?" ಎಂದಳು ಅಂಜಮ್ಮ.

ಮೊಬೈಲು ಓದಿತು. ತೆಂಗಿನ ತೋಪು ಬಂತು, ಛಿದ್ರವಾದ ಕಾಲು ಬಂತು. ವರದರಾಜ ಒಂದು ಕೈಯನ್ನು ನೆಲಕ್ಕೂರಿ, ಪ್ರತಿ ವಾಕ್ಯಕ್ಕೂ ಮುಂಚೆಯೇ ತುಟಿ ಆಡಿಸುತ್ತ ಕೇಳುತ್ತಿದ್ದ. ಕಥೆ ಅವನಿಗೆ ಬಾಯಿಪಾಠ. ಕೈಲಾಸ್ ನೀರು ಕೇಳಿದ. ನನ್ನ ಬಾಟಲಿನಲ್ಲಿ ನೀರಿತ್ತು. ಅವನ ತುಟಿ 'ನಾನು ಓಡಿದೆ' ಎಂದು ಆಡಿತು. ಮೊಬೈಲು 'ನಾನು ಕುಡಿಸಿದೆ' ಎಂದಿತು.

ಮುಂದಿನ ಐದಾರು ವಾಕ್ಯಗಳಿಗೆ ಅವನ ತುಟಿ ಆಡಲಿಲ್ಲ. ಅಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಮ್ಮಾ ಅಂದ, ಕೇಳಿದ್ಯೇನಪ್ಪ? ಅದೊಂದು ಮಾತು ಇಟ್ಕೊಂಡೇ ಇಷ್ಟು ವರ್ಷ ಉಸಿರಾಡಿದೀನಿ. ಬಾಯಾರ್ಕೊಂಡ್ ಹೋಗ್ಲಿಲ್ವಲ್ಲ ನನ್ ಕಂದ. ಬಾಯಿಗೆ ನೀರು ಬಿಟ್ಟ ಕೈ ನಿಂದು. ಅದಕ್ಕೇ ಪ್ರತಿ ವರ್ಷ ನಿನ್ ಕೈಲೇ ಬಿಡ್ಸೋದು. ಬಿಡಪ್ಪ" ಎಂದು ತಾಮ್ರದ ಚೊಂಬನ್ನು ಅವನತ್ತ ತಳ್ಳಿದಳು.

ಅವನು ಅಕ್ಕನ ಕಡೆ ತಿರುಗಿದ. ಅವಳು ಅಭ್ಯಾಸದಂತೆ ಅವನ ಬಲಕ್ಕಿದ್ದಳು, ಆದ್ದರಿಂದ ಪೂರ್ತಿ ತಿರುಗಬೇಕಾಯಿತು. ಅವನು ಈಗ ಬಾಯಿ ಬಿಟ್ಟರೆ ಮುದುಕಿ ಇಲ್ಲೇ ಉರುಳುತ್ತಾಳೆ ಎಂದು ಆಂಡಾಳ್‌ಗೆ ಅನ್ನಿಸಿತು. ಬಾಯಿ ಬಿಡಲಿ, ನನ್ನನ್ನು ಎಲ್ಲರೆದುರಿಗೆ ಬೈದುಬಿಡಲಿ ಎಂದೂ ಅನ್ನಿಸಿತು. ಅವನು ಚೊಂಬು ತೆಗೆದುಕೊಂಡ. ನೀರು ಎಲೆಯ ಸುತ್ತ ಬೀಳುವ ಬದಲು ಅನ್ನದ ಮೇಲೆ ಬಿತ್ತು. ಪೂರ್ತಿ ಚೊಂಬು ಖಾಲಿಯಾಗುವವರೆಗೆ ಬಿಟ್ಟ.

"ಸಾಕು ಕಣಪ್ಪ, ಕುಡಿದ" ಎಂದಳು ಅಂಜಮ್ಮ.

ಊಟ ಮಾಡಿದರು. ಅವನು ಪಾಯಸವನ್ನೂ ಬಿಡದೆ ಉಂಡ. ಮನೆಗೆ ಬಂದು ಬಾಗಿಲ ಚಿಲಕ ಹಾಕಿದ ಮೇಲೆ, ಪುಸ್ತಕದಲ್ಲಿದ್ದದ್ದನ್ನು ಇನ್ನೊಂದು ಸಲ ಹೇಳು ಎಂದ. ಆಂಡಾಳ್ ನಿಂತುಕೊಂಡೇ, ಪಾಠ ಒಪ್ಪಿಸುವವಳ ಹಾಗೆ, ಮೂವತ್ತೆರಡು ವರ್ಷದ ಹಿಂದೆ ತಾನು ಬರೆದದ್ದನ್ನು ಕೊನೆಯವರೆಗೆ ಹೇಳಿದಳು.

"ಚೆನ್ನಾಗಿ ಬರ್ದಿದೀಯ" ಎಂದ ವರದರಾಜ. "ನನಗಿಂತ ಚೆನ್ನಾಗಿದೆ."

"ಬೈಯೋ. ಎರಡು ಏಟಾದ್ರೂ ಹಾಕು."

"ಆಯಮ್ಮ ನನ್ನ ಕ್ಷಮಿಸಿದಾಳೆ ಅಂದ್ಕೊಂಡಿದ್ದೆ ಅಕ್ಕ. ಅವಳಿಗೆ ಗೊತ್ತೇ ಇರ್ಲಿಲ್ಲ. ಮೂವತ್ತೆರಡು ವರ್ಷ ಆ ಮನೆ ಅನ್ನ ಸುಳ್ಳು ಹೇಳಿ ತಿಂದಿದೀನಿ. ಈಗ ಹೇಳೋಣ ಅಂದ್ರೆ, ಅವಳ ಮಗನ್ನ ಇನ್ನೊಂದ್ಸಲ ಸಾಯ್ಸಿದ ಹಾಗಾಗುತ್ತೆ."

ಆಂಡಾಳ್ ಅತ್ತಳು. ಅವನು ಅಳಲಿಲ್ಲ. ಮರುದಿನದಿಂದ ಅವಳು ಅವನನ್ನು ಒಂಟಿಯಾಗಿ ಆಚೆ ಬಿಡಲಿಲ್ಲ. ಹಾಲಿಗೆ ಹೊರಟರೂ ಹಿಂದೆಯೇ ಚಪ್ಪಲಿ ಮೆಟ್ಟುವಳು. ನಾಲ್ಕನೇ ದಿನ ಅವನೇ ಹೇಳಿದ: "ಹೆದರ್ಬೇಡ, ಎಲ್ಲೂ ಹೋಗಲ್ಲ. ಆಯಮ್ಮ ಇರೋವರ್ಗೂ ಇರ್ಬೇಕು. ಮುಂದಿನ ವರ್ಷ ನೀರು ಬಿಡೋಕೆ ನಾನೇ ತಾನೆ ಹೋಗ್ಬೇಕಾದ್ದು?"

ಆಮೇಲೆ ಅವನು ಮತ್ತೆ ಬರೆಯಲು ಕೂತ. ಅದೇ ಕಥೆ, ಅದೇ ತೋಪು, ಮೊದಲಿನಿಂದ. ಸಂಜೆ ನೋಟುಬುಕ್ಕನ್ನು ಅವಳ ಕೈಗೆ ಕೊಟ್ಟ. ಆಂಡಾಳ್ ಮುಖ ತೊಳೆದು, ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. 'ನಾನು ಓಡಿದೆ' ಎನ್ನುವುದನ್ನು ಎರಡು ಸಲ ಓದಿದಳು. ಅವನು ತಲೆ ವಾಲಿಸಿ ಕೇಳಿದ. ಕೇಳಿ ಮುಗಿದ ಮೇಲೆ, ಹಬ್ಬದ ದಿನ ಗಗನಾ ಅವನಿಗೆಂದೇ ಕೊಟ್ಟು ಕಳಿಸಿದ್ದ ಮೊಬೈಲನ್ನು ತೆಗೆದು ನೋಟುಬುಕ್ಕಿನ ಮೇಲೆ ಹಿಡಿದ. ಕೈಬರಹ ಅದಕ್ಕೆ ಹತ್ತಲಿಲ್ಲ. ಪುಟ ತಿರುಗಿಸಿ ಹಿಡಿದ, ಕಿಟಕಿಯ ಬೆಳಕಿಗೆ ಹಿಡಿದ. ಓದಲು ಏನೂ ಸಿಕ್ಕಿಲ್ಲ ಎಂದು ಆ ಹೆಂಗಸಿನ ದನಿ ಪ್ರತಿಸಲವೂ ಹೇಳಿತು.

"ಇದ್ರಲ್ಲಿ ಇರೋದನ್ನೇ ಓದಿದ್ಯಾ ಅಕ್ಕ?"

"ಪೆರುಮಾಳ್ ಆಣೆಗೂ ಕಣೋ. ಇದ್ದಿದ್ದನ್ನೇ ಓದ್ದೆ."

"ಅವಾಗ್ಲೂ ಹಿಂಗೇ ಓದಿದ್ದೆ" ಎಂದು ಅವನು ನೋಟುಬುಕ್ಕು ಮುಚ್ಚಿದ.

ಈಗಲೂ ಅವನು ಬೆಳಿಗ್ಗೆ ಬರೆಯುತ್ತಾನೆ, ಸಂಜೆ ಅವಳು ಓದುತ್ತಾಳೆ. ಪತ್ರಿಕೆಗೆ ಕಳಿಸುವುದು ನಿಂತಿದೆ. ಬೇರೆಯವರ ಕೈಲಿ ಓದಿಸೋಣವೆಂದರೆ, ಓದಿದವರಿಂದ ಅಂಜಮ್ಮನ ಕಿವಿಗೆ ಬೀಳುತ್ತದೆಂಬ ಭಯ ಇಬ್ಬರಿಗೂ ಇದೆ. ಕಾಗುಣಿತದ ತಪ್ಪಿದ್ದರೆ ಅದನ್ನೂ ತಪ್ಪಾಗಿಯೇ ಓದುತ್ತಾಳೆ, ಒಂದು ಅಕ್ಷರ ಆಚೆ ಈಚೆ ಮಾಡುವುದಿಲ್ಲ. ಅವನು ಗೋಡೆಗೆ ಒರಗಿ ಪೂರ್ತಿ ಕೇಳುತ್ತಾನೆ, ಒಂದನ್ನೂ ನಂಬುವುದಿಲ್ಲ.